ಆರು ಜನ, ಒಂದು ಗಾಡಿ: ಯಾವ ಏಳು ಸೀಟರ್ ತಗೊಳ್ಳೋದು?

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ಹೆಂಡತಿ, 9 ಮತ್ತು 3 ವರ್ಷದ ಇಬ್ಬರು ಮಕ್ಕಳು, ಅಪ್ಪ, ಅಮ್ಮ. ಅಮ್ಮನಿಗೆ ಮಂಡಿ ನೋವು. ತಿಂಗಳಿಗೊಮ್ಮೆ ಬೆಂಗಳೂರು, ವರ್ಷಕ್ಕೆ ಎರಡು ಸಲ ಧರ್ಮಸ್ಥಳ, ಉಳಿದಂತೆ ಊರೊಳಗಿನ ಓಡಾಟ. ಎಲ್ಲ ಸೇರಿ ವರ್ಷಕ್ಕೆ 10 ಸಾವಿರ ಕಿ.ಮೀ. ಆಗಬಹುದು. ಆನ್ ರೋಡ್ 16 ಲಕ್ಷದೊಳಗೆ ಹೊಸ ಗಾಡಿ ಬೇಕು. ಹತ್ತು ವರ್ಷ ಇಟ್ಟುಕೊಳ್ಳುತ್ತೇವೆ, ಪದೇ ಪದೇ ಗ್ಯಾರೇಜಿಗೆ ಅಲೆಯುವಂತಿರಬಾರದು. ಮಾರುತಿ ಎರ್ಟಿಗಾ ಸಿಎನ್‌ಜಿ ತಗೊಳ್ಳೋದೋ, ಕಿಯಾ ಕಾರೆನ್ಸ್ ಡೀಸೆಲ್ ತಗೊಳ್ಳೋದೋ ಗೊತ್ತಾಗುತ್ತಿಲ್ಲ.

ಉತ್ತರ: ನೀವು ಆರಿಸಿದ ಗಾಡಿಗಳು ಸರಿಯಾಗೇ ಇವೆ, ಇಂಧನ ಎರಡರಲ್ಲೂ ತಪ್ಪಿದೆ. ಎರಡನ್ನೂ ಸಾದಾ ಪೆಟ್ರೋಲಿನಲ್ಲಿ ನೋಡಿ.

ಮೊದಲು ಸಿಎನ್‌ಜಿ. ಎರ್ಟಿಗಾದಲ್ಲಿ ಮೂರೂ ಸಾಲು ಎತ್ತಿ ಇಟ್ಟಾಗ ಹಿಂದೆ ಉಳಿಯುವ ಡಿಕ್ಕಿ 209 ಲೀಟರ್. ಅಂದ್ರೆ ಎರಡು ಸಣ್ಣ ಬ್ಯಾಗು, ಒಂದು ಚೀಲ. ಸಿಎನ್‌ಜಿ ಸಿಲಿಂಡರ್ ಬಂದು ಕೂರುವುದೂ ಅದೇ ಜಾಗದಲ್ಲಿ. ಆರು ಜನ ಎರಡು ದಿನಕ್ಕೆ ಹೊರಟರೆ ಬಟ್ಟೆಬರೆ ಎಲ್ಲಿ ಇಡುತ್ತೀರಿ? ತಲೆ ಮೇಲೆ ಕ್ಯಾರಿಯರ್ ಹಾಕಿಸಿ, ಟಾರ್ಪಾಲ್ ಕಟ್ಟಿ, ಮಳೆ ಬಂತಾ ಅಂತ ಆಗಾಗ ನೋಡಿಕೊಂಡು ಹೋಗಬೇಕು. ಜೊತೆಗೆ ಗ್ಯಾಸಿನಲ್ಲಿ ಎಂಜಿನ್ ಶಕ್ತಿಯೂ ಕಡಿಮೆ. ಪೂರ್ತಿ ಲೋಡಿನಲ್ಲಿ ಚಾರ್ಮಾಡಿ ಹತ್ತಿಸುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ. ದಿನಕ್ಕೆ 100 ಕಿ.ಮೀ. ಓಡಿಸುವ ಟ್ಯಾಕ್ಸಿಯವರಿಗೆ ಸಿಎನ್‌ಜಿ ಲಾಭವೇ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಓಡಾಟಕ್ಕೆ ಅಲ್ಲ.

ಇನ್ನು ಡೀಸೆಲ್. ಪೆಟ್ರೋಲ್ ಗಾಡಿ ಲೀಟರಿಗೆ 13, ಡೀಸೆಲ್ ಗಾಡಿ 17 ಕಿ.ಮೀ. ಕೊಡುತ್ತದೆ ಅಂತ ಇಟ್ಟುಕೊಳ್ಳಿ. 10 ಸಾವಿರ ಕಿ.ಮೀ.ಗೆ ಸುಮಾರು 770 ಲೀಟರ್ ಪೆಟ್ರೋಲ್, ಅಥವಾ 590 ಲೀಟರ್ ಡೀಸೆಲ್. ಈಗಿನ ದರದಲ್ಲಿ ವರ್ಷಕ್ಕೆ 25 ಸಾವಿರದ ಆಸುಪಾಸು ಉಳಿಯಬಹುದು. ಆದರೆ ಅದೇ ಗಾಡಿಯ ಡೀಸೆಲ್ ಮಾದರಿಗೆ ಮೊದಲೇ ಲಕ್ಷಕ್ಕಿಂತ ಜಾಸ್ತಿ ಕೊಟ್ಟಿರುತ್ತೀರಿ, ಅದರ ಮೇಲೆ ತೆರಿಗೆ, ಇನ್ಶೂರೆನ್ಸ್ ಬೇರೆ. ಕೊಟ್ಟದ್ದು ವಾಪಸ್ ಬರುವ ಹೊತ್ತಿಗೆ ನಿಮ್ಮ ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದಿರುತ್ತದೆ. ಇನ್ನೊಂದು ವಿಷಯ: ಬಿಎಸ್6, ಅಂದ್ರೆ ಈಗಿನ ಹೊಗೆ ನಿಯಮದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಅದರಲ್ಲಿ ಕಟ್ಟಿಕೊಳ್ಳುವ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಸ್ವಲ್ಪ ಹೊತ್ತು ಹೈವೇ ವೇಗದಲ್ಲಿ ಓಡಬೇಕು. ಮಕ್ಕಳ ಸ್ಕೂಲು, ಮಾರ್ಕೆಟ್ಟು, ಮನೆ ಅಂತ ಎರಡೆರಡು ಕಿಲೋಮೀಟರ್ ಓಡಿಸುವ ವಾರಗಳಲ್ಲಿ ಅದು ತುಂಬುತ್ತಾ ಹೋಗಿ, ಕೊನೆಗೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತದೆ. ಗ್ಯಾರೇಜಿಗೆ ಅಲೆಯಬಾರದು ಅಂದವರು ನೀವೇ ಅಲ್ವಾ?

ಕೈ ಕೊಡದ ಗಾಡಿ ಬೇಕು ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಬ್ರ್ಯಾಂಡಿಗಿಂತ ಮೊದಲು ಎಂಜಿನ್ನು, ಗೇರ್‌ಬಾಕ್ಸು ನೋಡಿ, ಅದೂ ಎಷ್ಟು ಸಾದಾ ಇದೆ ಅಂತ ನೋಡಿ. ಒಂದೇ ಕಂಪನಿಯ ಒಂದೇ ಗಾಡಿಯಲ್ಲಿ ಒಂದು ಮಾದರಿ ಹತ್ತು ವರ್ಷ ಸುಮ್ನೆ ಓಡಿಕೊಂಡಿರುತ್ತದೆ, ಇನ್ನೊಂದು ವಾರಂಟಿ ಮುಗಿದ ಮೇಲೆ ದೊಡ್ಡ ಬಿಲ್ಲು ತರಬಹುದು. ಕಾರೆನ್ಸ್‌ನ ಟರ್ಬೊ ಪೆಟ್ರೋಲ್ ಜೊತೆ ಬರುವ, ಎರಡು ಕ್ಲಚ್ಚಿನ ಡಿಸಿಟಿ ಆಟೋಮ್ಯಾಟಿಕ್ ಓಡಿಸಲು ಬಹಳ ಖುಷಿ. ಆದರೆ ಅದು ಡ್ರೈ ಕ್ಲಚ್ ಗೇರ್‌ಬಾಕ್ಸು, ಅಂದ್ರೆ ಕ್ಲಚ್ಚನ್ನು ತಂಪಾಗಿಡಲು ಎಣ್ಣೆ ಇರುವುದಿಲ್ಲ. ನೆಲಮಂಗಲ ದಾಟಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇಂಚಿಂಚೇ ತೆವಳುವಾಗ ಆ ಕ್ಲಚ್ಚುಗಳು ಬಿಸಿಯಾಗುತ್ತವೆ. ಅದೇ ಗಾಡಿಯ ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್, ಆರು ಗೇರಿನ ಮ್ಯಾನ್ಯುವಲ್, ಇವೆರಡರಲ್ಲಿ ಹಾಳಾಗುವಂಥದ್ದು ಕಡಿಮೆ. 115 ಪಿಎಸ್ ಶಕ್ತಿ, ಟೈಮಿಂಗ್ ಬೆಲ್ಟ್ ಬದಲು ಚೈನು, ಕ್ರೆಟಾ, ಸೆಲ್ಟೋಸ್‌ನಲ್ಲೂ ಇದೇ ಎಂಜಿನ್ನು, ಹಾಗಾಗಿ ಬಿಡಿಭಾಗಕ್ಕೂ ಪರದಾಟವಿಲ್ಲ. ಎರ್ಟಿಗಾದ 1,462 ಸಿಸಿ ಎಂಜಿನ್ನೂ ಇದೇ ಜಾತಿಯದು. ಆಟೋಮ್ಯಾಟಿಕ್ಕೇ ಬೇಕು ಅಂದ್ರೆ ಎರ್ಟಿಗಾದಲ್ಲಿ 2022ರಿಂದ ಬರುತ್ತಿರುವ ಆರು ಗೇರಿನ ಟಾರ್ಕ್ ಕನ್ವರ್ಟರ್ ಒಳ್ಳೆಯದು, ಹಳೇ ಕಾಲದ ಗಟ್ಟಿ ತಂತ್ರ.

ಹಾಗಾದ್ರೆ ಎರಡರಲ್ಲಿ ಯಾವುದು? ಗ್ಯಾರೇಜಿನ ಲೆಕ್ಕ ಮಾತ್ರ ನೋಡಿದರೆ ಎರ್ಟಿಗಾನೇ. ತಾಲ್ಲೂಕು ಊರಿನಲ್ಲೂ ಮಾರುತಿ ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ಯಾವುದಾದರೂ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತು ನೋಡಿ, ಇನ್ನೋವಾ ಬಿಟ್ಟರೆ ಜಾಸ್ತಿ ಕಾಣುವುದು ಅದೇ. ಆದರೆ ನೀವು ಹೋಗುವುದು ತಿಂಗಳಿಗೊಮ್ಮೆ, ಎನ್‌ಎಚ್ 48ರಲ್ಲಿ, ಮನೆಮಂದಿಯೆಲ್ಲ ಸೇರಿ. ದಕ್ಷಿಣ ಆಫ್ರಿಕಾಕ್ಕೆ ಅಂತ ಇಲ್ಲೇ ತಯಾರಾಗುವ ಎರ್ಟಿಗಾವನ್ನು ಗ್ಲೋಬಲ್ ಎನ್‌ಕ್ಯಾಪ್ 2024ರಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿದಾಗ, ದೊಡ್ಡವರ ಸುರಕ್ಷತೆಗೆ ಸಿಕ್ಕಿದ್ದು ಐದರಲ್ಲಿ ಒಂದೇ ಸ್ಟಾರ್. ಆ ಗಾಡಿಯಲ್ಲಿ ಇದ್ದದ್ದು ಎರಡೇ ಏರ್‌ಬ್ಯಾಗ್, ಇಲ್ಲಿ 2025ರಿಂದ ಎಲ್ಲ ಮಾದರಿಗೂ ಆರು ಬರುತ್ತವೆ, ಸರಿ. ಆದರೆ ಬಾಡಿ ಎಷ್ಟು ಗಟ್ಟಿ ಅನ್ನೋದು ಏರ್‌ಬ್ಯಾಗ್ ಜಾಸ್ತಿ ಹಾಕಿದರೆ ಬದಲಾಗುವಂಥದ್ದಲ್ಲ. ಕಾರೆನ್ಸ್‌ಗೆ 2022ರಲ್ಲಿ ಅದೇ ಸಂಸ್ಥೆ ಕೊಟ್ಟಿದ್ದು ಮೂರು ಸ್ಟಾರ್. ಕುಣಿದಾಡುವಂಥ ಅಂಕವೇನೂ ಅಲ್ಲ, ಆದರೂ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕು, 2,780 ಮಿ.ಮೀ. ವೀಲ್‌ಬೇಸು (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ಮೂರನೇ ಸಾಲಿನಲ್ಲಿ ದೊಡ್ಡವರಿಗೂ ಕಾಲಿಡಲು ಜಾಗ, ಇದೆಲ್ಲ ಸೇರಿಸಿದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಕಾರೆನ್ಸ್‌ನದೇ ಹೊಸ ರೂಪವಾದ ಕಾರೆನ್ಸ್ ಕ್ಲಾವಿಸ್‌ನ ಸಾದಾ ಪೆಟ್ರೋಲ್ ಮ್ಯಾನ್ಯುವಲ್ ಬುಕ್ ಮಾಡುತ್ತಿದ್ದೆ. ಓಡಾಟ ಪೂರ್ತಿ ಊರೊಳಗೇ ಆಗಿದ್ದರೆ ಎರ್ಟಿಗಾ ಅನ್ನುತ್ತಿದ್ದೆ. ರೆನೋ ಟ್ರೈಬರ್ ಅಗ್ಗ, ನಿಜ. ಆದರೆ ಒಂದು ಲೀಟರಿನ, 72 ಪಿಎಸ್‌ನ ಎಂಜಿನ್ನಿಗೆ ಆರು ಜನ, ಘಟ್ಟ, ಎಸಿ ಮೂರೂ ಒಟ್ಟಿಗೆ ಹೊರಿಸುವುದು ಅನ್ಯಾಯ.

ಬುಕ್ ಮಾಡುವ ಮುಂಚೆ ಅಮ್ಮನನ್ನೂ, ಮಗುವಿನ ಚೈಲ್ಡ್ ಸೀಟನ್ನೂ ಶೋರೂಮಿಗೆ ಕರೆದುಕೊಂಡು, ತಗೊಂಡು ಹೋಗಿ. ಇದನ್ನು ಯಾರೂ ಮಾಡುವುದಿಲ್ಲ. ಚೈಲ್ಡ್ ಸೀಟನ್ನು ಗಾಡಿಯ ಸೀಟಿನ ಬುಡದಲ್ಲಿರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿದ ಮೇಲೆ ಆ ಕಡೆಯ ಸೀಟು ಮಡಚುವುದಕ್ಕೆ ಬರುವುದಿಲ್ಲ. ಆದ್ದರಿಂದ ಅದು ಬಲಗಡೆ ಇರಲಿ. ಇಳಿದು ಹತ್ತುವುದು ಫುಟ್‌ಪಾತ್ ಇರುವ ಎಡಗಡೆಯಿಂದ. ಅಮ್ಮ ಎರಡನೇ ಸಾಲಿನ ಎಡಗಡೆ ಕೂತರೆ, ಹಿಂದಿನ ಸಾಲಿನವರು ಇಳಿಯಬೇಕಾದಾಗಲೆಲ್ಲ ಅಮ್ಮ ಮೊದಲು ಇಳಿಯಬೇಕು. ಮಂಡಿ ನೋವಿನವರಿಗೆ ಅದು ಹಿಂಸೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಅಪ್ಪ ಎಡಗಡೆ, ನಡುವೆ ದೊಡ್ಡ ಮಗ ಅಥವಾ ಮಗಳು. ಹೆಂಡತಿಗೆ ಮೂರನೇ ಸಾಲಿನ ಒಂದು ಸೀಟು, ಅದರ ಪಕ್ಕದ ಸೀಟು ಮಡಚಿದರೆ ಬ್ಯಾಗುಗಳಿಗೆ ಜಾಗ ಆಯ್ತು. ಹೆಂಡತಿ ಒಪ್ಪದಿದ್ದರೆ ಹೋಗುವಾಗ ಅವರು, ಬರುವಾಗ ನೀವು. ಅವರಿಗೂ ಸ್ಟೀರಿಂಗ್ ಕೊಡಿ! ನಡುವಿನ ಸೀಟಿಗೂ ಮೂರು ಕಡೆ ಸಿಕ್ಕಿಸುವ ಬೆಲ್ಟು ಇದೆಯಾ, ಬರೀ ಸೊಂಟದ ಪಟ್ಟಿಯಾ, ಕೈಯಲ್ಲಿ ಎಳೆದು ನೋಡಿ.

ದುಡ್ಡಿನ ವಿಷಯದಲ್ಲಿ ಒಂದು ಗೆರೆ ನೆನಪಿರಲಿ. ಕರ್ನಾಟಕದಲ್ಲಿ ಗಾಡಿ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಲೈಫ್ ಟ್ಯಾಕ್ಸು ಶೇ 14, 10 ಲಕ್ಷ ದಾಟಿದರೆ ಶೇ 17, 20 ದಾಟಿದರೆ ಶೇ 18. ಅದರ ಮೇಲೆ ಸೆಸ್ಸು. 9.9 ಲಕ್ಷದ ಗಾಡಿಗೆ ತೆರಿಗೆ 1,38,600 ರೂಪಾಯಿ, 10.1 ಲಕ್ಷದ್ದಕ್ಕೆ 1,71,700. ಇಪ್ಪತ್ತು ಸಾವಿರದ ಅಲಾಯ್ ವೀಲ್ ಆಸೆಗೆ ಇನ್ನೂ 33 ಸಾವಿರ ತೆರಿಗೆ ಕಟ್ಟಿದಂತಾಯ್ತು. ಎರ್ಟಿಗಾ ನೋಡುವುದಾದರೆ ಇದು ಬಹಳ ಮುಖ್ಯ, ಅದರ ಮಾದರಿಗಳು ಈ ಗೆರೆಯ ಆಚೆ ಈಚೆ ಬರುತ್ತವೆ. 10 ಲಕ್ಷ ಮೀರಿದ ಗಾಡಿಗೆ ಶೇ 1 ಟಿಸಿಎಸ್ (ಮುಂಗಡ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಖರ್ಚಲ್ಲ, ಐಟಿ ರಿಟರ್ನ್‌ನಲ್ಲಿ ವಾಪಸ್ ಪಡೆಯಬಹುದು. ಇನ್ಶೂರೆನ್ಸ್ ಡೀಲರ್ ಹತ್ತಿರವೇ ಮಾಡಿಸಬೇಕು ಅನ್ನುವ ಕಾನೂನಿಲ್ಲ. ಹೊರಗಡೆಯ ಕೊಟೇಶನ್ ತೋರಿಸಿ, ಹೆಚ್ಚಿನ ಸಲ ಅವರೇ ಇಳಿಸುತ್ತಾರೆ. ರಿಜಿಸ್ಟ್ರೇಶನ್‌ಗೆ ಮುಂಚೆ ಹಗಲು ಬೆಳಕಿನಲ್ಲಿ ಗಾಡಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 3225 ಅಂದ್ರೆ 2025ರ 32ನೇ ವಾರದ ಟೈರು. ಗಾಡಿ ಎಷ್ಟು ದಿನ ಯಾರ್ಡಿನಲ್ಲಿ ಬಿಸಿಲು ಕಾಯ್ದಿದೆ ಅಂತ ಇದರಲ್ಲೇ ಒಂದು ಅಂದಾಜು ಸಿಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ, ಏಳು ಜನ. ಇನ್ನೋವಾನೇ ಅಂತ ತೀರ್ಮಾನವಾಗಿದೆ. ಹೈಕ್ರಾಸ್ ಹೈಬ್ರಿಡ್ ಇಷ್ಟ, ಆದರೆ ಬ್ಯಾಟರಿ ಹೋದರೆ ಲಕ್ಷಗಟ್ಟಲೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಕ್ರಿಸ್ಟಾ ಡೀಸೆಲ್ಲೇ ಸೇಫಾ?

ಉತ್ತರ: ಹೆದರಿಸುವವರಲ್ಲಿ ಎಷ್ಟು ಜನರ ಬ್ಯಾಟರಿ ನಿಜವಾಗಿ ಹೋಗಿದೆ ಅಂತ ಕೇಳಿ ನೋಡಿ. ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯಿಂದ ಓಡುವ ಮೋಟಾರನ್ನೂ ಇಡುವ ಈ ಹೈಬ್ರಿಡ್ ತಂತ್ರವನ್ನು ಟೊಯೊಟಾ 1997ರ ಪ್ರಿಯಸ್ ಕಾರಿನಿಂದ ತಿದ್ದುತ್ತಾ ಬಂದಿದೆ. ಹೈಕ್ರಾಸ್‌ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ಇನ್ನೂ ಒಂದು ಮಾತು ಜನ ಮರೆಯುತ್ತಾರೆ: ಈ ಗಾಡಿಯಲ್ಲಿ ಕ್ಲಚ್ ಇಲ್ಲ, ಮಾಮೂಲಿ ಗೇರ್‌ಬಾಕ್ಸ್ ಇಲ್ಲ, ಬೇರೆ ಆಲ್ಟರ್ನೇಟರ್ ಇಲ್ಲ. ನಿಧಾನ ಮಾಡುವ ಕೆಲಸದಲ್ಲಿ ಅರ್ಧ ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಕೂಡ ಬೇಗ ಸವೆಯುವುದಿಲ್ಲ. ಸವೆಯುವ ಸಾಮಾನೇ ಕಡಿಮೆ. ಸಿಲ್ಕ್ ಬೋರ್ಡಿನಲ್ಲಿ ನಿಂತು ನಿಂತು ಹೋಗುವಾಗ ಸುಮಾರು ಹೊತ್ತು ಎಂಜಿನ್ನೇ ಆಫ್ ಆಗಿರುತ್ತದೆ. ಕಂಪನಿ ಹೇಳುವ 23.24 ಕಿ.ಮೀ. ಮೈಲೇಜ್ ಬರದಿದ್ದರೂ, ಅಷ್ಟು ದೊಡ್ಡ ಪೆಟ್ರೋಲ್ ಗಾಡಿ ಊರೊಳಗೆ ಇಷ್ಟು ಕೊಡುತ್ತದಾ ಅಂತ ಆಶ್ಚರ್ಯವಾಗುತ್ತದೆ. ಭಾರತ್ ಎನ್‌ಕ್ಯಾಪ್‌ನ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ಕೂಡ ಬಂದಿದೆ.

ಒಂದು ಜಾಗ್ರತೆ ಮಾತ್ರ ಬೇಕು. ಬ್ಯಾಟರಿ ತಂಪಾಗಿರಲು ಗಾಡಿಯ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆ ಗಾಳಿ ಜಾಲರಿ ಎಲ್ಲಿದೆ ಅಂತ ಡೆಲಿವರಿ ದಿನವೇ ಕೇಳಿಕೊಳ್ಳಿ. ದಪ್ಪ ಮ್ಯಾಟ್ ಹಾಕಿ, ಚಪ್ಪಲಿ ಚೀಲ ತುರುಕಿ ಅದನ್ನು ಮುಚ್ಚಬೇಡಿ, ಸರ್ವೀಸಿನಲ್ಲಿ ಪ್ರತಿ ಸಲ ಧೂಳು ತೆಗೆಸಿ.

ಕ್ರಿಸ್ಟಾ ಕೆಟ್ಟದ್ದು ಅಂತಲ್ಲ. ಲಾರಿಗಳಲ್ಲಿರುವಂಥ ಲ್ಯಾಡರ್ ಫ್ರೇಮು, ಹಿಂದಿನ ಚಕ್ರದ ಡ್ರೈವು, 2.4 ಲೀಟರಿನ ಡೀಸೆಲ್ಲು, ಕಲ್ಲು ಮಣ್ಣಿನ ದಾರಿಯಲ್ಲಿ ಅದಕ್ಕೆ ಅದೇ ಸಾಟಿ. ಸಕಲೇಶಪುರದ ಕಡೆ ತೋಟ ಇದೆ, ವಾರವಾರ ಹೋಗುತ್ತೇನೆ ಅಂದ್ರೆ ಕ್ರಿಸ್ಟಾ ತಗೊಳ್ಳಿ. ಆದರೆ 2023ರಿಂದ ಅದು ಮ್ಯಾನ್ಯುವಲ್ ಗೇರಿನಲ್ಲಿ ಮಾತ್ರ ಬರುತ್ತಿದೆ, ಬೆಂಗಳೂರು ಟ್ರಾಫಿಕ್ಕಿನಲ್ಲಿ ಆ ಕ್ಲಚ್ ತುಳಿದು ತುಳಿದು ಎಡಗಾಲು ಪದ ಹೇಳುತ್ತದೆ. ಮಾರುತಿ ಇನ್ವಿಕ್ಟೊ ಅಂದ್ರೂ ಇದೇ ಹೈಕ್ರಾಸ್ ಹೈಬ್ರಿಡ್ಡು, ತಯಾರಾಗುವುದೂ ಟೊಯೊಟಾದ ಬಿಡದಿ ಕಾರ್ಖಾನೆಯಲ್ಲೇ. ಹೈಕ್ರಾಸ್‌ಗೆ ಕಾಯಬೇಕು ಅಂದ್ರೆ ಮಾರುತಿ ಶೋರೂಮಿನಲ್ಲಿ ಒಮ್ಮೆ ಕೇಳಿ, ರಿಯಾಯಿತಿಯೂ ಸಿಗಬಹುದು.

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಇಬ್ಬರು ಮಕ್ಕಳು. ಅತ್ತೆ ಮಾವ ಪ್ರತಿ ವರ್ಷ ಬಂದು ಕೆಲವು ತಿಂಗಳು ಇರುತ್ತಾರೆ. ಟೊಯೊಟಾ ಸಿಯೆನ್ನಾ ಒಳ್ಳೇದಾ, ಹೋಂಡಾ ಒಡಿಸ್ಸಿ ಒಳ್ಳೇದಾ?

ಉತ್ತರ: ಅದೃಷ್ಟವಂತರು ನೀವು, ನಿಮ್ಮಲ್ಲಿ ನಿಜವಾದ ಮಿನಿವ್ಯಾನ್ ಸಿಗುತ್ತದೆ. ಜಾರುವ ಬಾಗಿಲು, ತಗ್ಗಿನ ನೆಲ, ಸೀರೆ ಉಟ್ಟವರೂ ಸಲೀಸಾಗಿ ಹತ್ತಬಹುದು. ಇಲ್ಲಿ ಭಾರತದಲ್ಲಿ ಇಂಥದ್ದು ಬೇಕು ಅಂದ್ರೆ ಒಂದೋ ಅಗ್ಗದ ಈಕೋ, ಇಲ್ಲ ಬಹಳ ದುಬಾರಿಯಾದ ಕಾರ್ನಿವಲ್, ವೆಲ್‌ಫೈರ್‌ನಂಥವು. ನಡುವೆ ಏನೂ ಇಲ್ಲ.

ನನ್ನ ಮತ ಸಿಯೆನ್ನಾಕ್ಕೆ. 2021ರ ಮಾದರಿಯಿಂದ ಅದು ಹೈಬ್ರಿಡ್‌ನಲ್ಲಿ ಮಾತ್ರ ಬರುತ್ತದೆ, ಸರಾಸರಿ ಗ್ಯಾಲನ್‌ಗೆ 36 ಮೈಲಿ ಅಂತ ಸರ್ಕಾರಿ ಅಂಕಿ. ಹೈಕ್ರಾಸ್‌ನ ಹೈಬ್ರಿಡ್ ತಂತ್ರದ ಬಗ್ಗೆ ಮೇಲೆ ಹೇಳಿದ್ದೇ ಇದಕ್ಕೂ. ಟೆಕ್ಸಸ್‌ನಲ್ಲಿ ಆಲ್ ವೀಲ್ ಡ್ರೈವ್‌ಗೆ ದುಡ್ಡು ಹಾಕಬೇಡಿ. ಒಂದು ಕೊರತೆ ಇದೆ: ಎರಡನೇ ಸಾಲಿನ ಸೀಟು ಬಿಚ್ಚಿ ತೆಗೆಯುವಂಥದ್ದಲ್ಲ. ಫರ್ನಿಚರ್ ಸಾಗಿಸುವುದು, ಮನೆ ಬದಲಾಯಿಸುವುದು ಜಾಸ್ತಿ ಇದ್ದರೆ ಒಡಿಸ್ಸಿ ಅನುಕೂಲ, ಅದರ ಸೀಟುಗಳು ಹೊರಗೆ ಬರುತ್ತವೆ. 280 ಎಚ್‌ಪಿಯ ಅದರ ವಿ6 ಎಂಜಿನ್ ಓಡಿಸಲೂ ಚೆಂದ. ಆದರೆ ಅದರಲ್ಲಿರುವುದು ಟೈಮಿಂಗ್ ಬೆಲ್ಟು. ಲಕ್ಷ ಮೈಲಿಯ ಆಸುಪಾಸಿನಲ್ಲಿ ಬದಲಾಯಿಸಬೇಕು, ಆಗ ಒಂದು ದೊಡ್ಡ ಖರ್ಚು ಬರುತ್ತದೆ ಅಂತ ಈಗಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಅತ್ತೆ ಮಾವ ಬರುವಾಗ ತಲಾ 23 ಕೆಜಿಯ ಎರಡೆರಡು ಸೂಟ್‌ಕೇಸ್, ಚಟ್ನಿಪುಡಿ, ಉಪ್ಪಿನಕಾಯಿ ಸಮೇತ. ಎರಡೂ ಗಾಡಿಗಳಲ್ಲಿ ಮೂರನೇ ಸಾಲಿನ ಹಿಂದೆ ಆಳವಾದ ಗುಂಡಿ ಇದೆ, ಮೂರನೇ ಸಾಲನ್ನು ಭಾಗ ಮಾಡಿ ಮಡಚಲೂಬಹುದು. ನಿಮ್ಮದೇ ಖಾಲಿ ಸೂಟ್‌ಕೇಸುಗಳನ್ನು ಡೀಲರ್ ಹತ್ತಿರ ತಗೊಂಡು ಹೋಗಿ ಇಟ್ಟು ನೋಡಿ, ಅವರು ನಕ್ಕರೆ ನಗಲಿ. ಬೆಲೆ ಮಾತಾಡುವಾಗ ತಿಂಗಳ ಕಂತಿನ ಮಾತಿಗೆ ಹೋಗಬೇಡಿ. ತೆರಿಗೆ, ಫೀಸು ಎಲ್ಲ ಸೇರಿ ಒಟ್ಟು ಎಷ್ಟು ಅಂತ ಮೂರು ನಾಲ್ಕು ಡೀಲರ್‌ಗಳಿಂದ ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಎಂಎಸ್‌ಆರ್‌ಪಿ, ಅಂದ್ರೆ ಕಂಪನಿ ಸೂಚಿಸಿದ ಬೆಲೆಯ ಮೇಲೆ ಎಕ್ಸ್‌ಟ್ರಾ ಕೇಳುವ ಡೀಲರನ್ನು, ಹಾಗೆಯೇ ಟೈರಿಗೆ ನೈಟ್ರೋಜನ್, ಪೇಂಟಿಗೆ ಕೋಟಿಂಗ್ ಅಂತ ಬಿಲ್ಲಿಗೆ ಸೇರಿಸುವವರನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ.