ಚಾರ್ಜರ್ ಬೇಡ ಅಂದರೆ ಬೇಡ

ಕಾರ್ಡ್‌ಲೆಸ್ ಡ್ರಿಲ್, ಗ್ರೈಂಡರ್ ರಿಪೇರಿ ಮಾಡುವವನು ನಾನು. ಆದರೆ ಬರುವ ಪತ್ರಗಳಲ್ಲಿ ಮೆಷಿನ್ ವಿಷಯ ಕಡಿಮೆ, ಬ್ಯಾಟರಿ ಗೋಳೇ ಜಾಸ್ತಿ. ಕೆಳಗಿನ ಮೊದಲ ಪ್ರಶ್ನೆಯನ್ನಂತೂ ಕೇಳದವರೇ ಇಲ್ಲ. ಇನ್ನು ಕೇಳಿದವರಿಗೆಲ್ಲ ಇದನ್ನೇ ಓದಿ ಅನ್ನುತ್ತೇನೆ. ಪ್ಲಗ್‌ನಲ್ಲಿ ಕರೆಂಟ್ ಇದೆಯಾ, ಸ್ವಿಚ್ ಹಾಕಿದ್ದೀರಾ ಎಂಬುದನ್ನೆಲ್ಲ ನೀವೇ ನೋಡಿಕೊಳ್ಳಿ.

ಪ್ರಶ್ನೆ: ನನ್ನ 18 ವೋಲ್ಟ್ ಡ್ರಿಲ್ ಏಳೆಂಟು ತಿಂಗಳು ಪೆಟ್ಟಿಗೆಯಲ್ಲೇ ಇತ್ತು. ಈಗ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿದರೆ ಕೆಂಪು, ಹಸಿರು ದೀಪ ಒಂದಾದ ಮೇಲೊಂದು ಮಿಣುಕುತ್ತವೆ, ಚಾರ್ಜ್ ಏರುವುದಿಲ್ಲ. ಇನ್ನೊಂದು ಬ್ಯಾಟರಿಯಿಂದ ಎರಡು ವೈರ್ ಕೊಟ್ಟು ಎಬ್ಬಿಸುವುದನ್ನು ಯೂಟ್ಯೂಬ್‌ನಲ್ಲಿ ತೋರಿಸುತ್ತಾರೆ. ಮಾಡಬಹುದಾ ಸಾರ್? (ಬಡಗಿ, ಶಿರಸಿ)

ಉತ್ತರ: ಬೇಡ. ಯಾಕೆ ಬೇಡ ಎಂದು ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

18 ವೋಲ್ಟ್ ಬ್ಯಾಟರಿ ಪ್ಯಾಕಿನೊಳಗೆ ಐದು ಲಿಥಿಯಂ ಸೆಲ್‌ಗಳು ಸಾಲಾಗಿ ಕೂತಿರುತ್ತವೆ. ದೊಡ್ಡ ಪ್ಯಾಕಾದರೆ ಐದು ಜೋಡಿ. ತುಂಬಿದಾಗ ಒಂದೊಂದೂ 4.2 ವೋಲ್ಟ್, ಒಟ್ಟು 21. ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದರೂ ಒಳಗಿನ ಸರ್ಕ್ಯೂಟ್ ಬೋರ್ಡ್ ಚೂರುಪಾರು ಕರೆಂಟ್ ಎಳೆಯುತ್ತಲೇ ಇರುತ್ತದೆ. ಕೆಲವು ಪ್ಯಾಕ್‌ಗಳಲ್ಲಿ ಅದು ಒಂದೇ ಸೆಲ್‌ನಿಂದ ಎಳೆಯುತ್ತದೆ. ಖಾಲಿ ಮಾಡಿ ಎತ್ತಿಟ್ಟಿದ್ದರೆ ಆ ಸೆಲ್ ಮೊದಲು ಸಾಯುತ್ತದೆ. ಇಂಥ ಪ್ಯಾಕ್ ಬಿಚ್ಚಿ ಮೀಟರ್ ಹಿಡಿದರೆ ಹೀಗೆ ಬರುತ್ತದೆ: 3.41, 3.40, 3.42, 3.41, ಕೊನೆಯದು 1.1. ಹೊರಗಿನಿಂದ ಅಳೆದವರಿಗೆ 14.7 ಕಾಣುತ್ತದೆ. ಸ್ವಲ್ಪ ಇಳಿದಿದೆ, ಅಷ್ಟೇ ಅಲ್ವಾ ಅನ್ನುತ್ತಾರೆ. ಅಷ್ಟೇ ಅಲ್ಲ.

ಸೆಲ್ ಇಷ್ಟು ಕೆಳಗೆ ಬಹಳ ದಿನ ಇದ್ದರೆ ಅದರೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಹೋಗಿ ಅಂಟಿಕೊಂಡು ಒಳಗೊಳಗೇ ಶಾರ್ಟ್ ಆಗಬಹುದು. ಅದು ಅವತ್ತೇ ಆಗಬೇಕೆಂದಿಲ್ಲ. ವಿಡಿಯೋದವನು ಹಸಿರು ದೀಪ ತೋರಿಸಿ ಕೈಮುಗಿದು ಹೋಗುತ್ತಾನೆ. ತಿಂಗಳಾದ ಮೇಲೆ ರಾತ್ರಿ ಚಾರ್ಜಿಗಿಟ್ಟು ಮಲಗುವವರು ನೀವು, ಪಕ್ಕದಲ್ಲೇ ಪ್ಲೈವುಡ್ ರಾಶಿ.

ಇನ್ನು ಆ ಎರಡು ವೈರ್. ತುಂಬಿದ ಪ್ಯಾಕಿನಿಂದ ಖಾಲಿ ಪ್ಯಾಕಿಗೆ ಹತ್ತಾರು ಆಂಪಿಯರ್ ಒಮ್ಮೆಗೇ ನುಗ್ಗಬಹುದು, ತಡೆಯುವವರು ಯಾರೂ ಇಲ್ಲ. ವೈರಿನ ಪ್ಲಾಸ್ಟಿಕ್ ಕರಗಿ ಬೆರಳಿಗೆ ಅಂಟಿಸಿಕೊಂಡು ಬಂದವರನ್ನು ನೋಡಿದ್ದೇನೆ. ಆಮೇಲೆ ಈ ಲೆಕ್ಕವನ್ನೂ ನೋಡಿ. ಅಗ್ಗದ ಚಾರ್ಜರ್‌ಗಳು ಒಟ್ಟು 21 ವೋಲ್ಟ್ ಆಯಿತಾ ಎಂದಷ್ಟೇ ನೋಡುತ್ತವೆ. ಬಡಕಲು ಸೆಲ್ 3.6ರಲ್ಲೇ ನಿಂತರೆ, ಉಳಿದ ನಾಲ್ಕೂ ಸೇರಿ 17.4 ಆಗಬೇಕು. ಅಂದರೆ ತಲಾ 4.35. ಕೆಟ್ಟ ಸೆಲ್ ಒಂದೇ, ಮಿತಿ ಮೀರಿ ತುಂಬಿದ್ದು ಒಳ್ಳೆಯ ನಾಲ್ಕನ್ನು.

ಹಾಗಂತ ಮಿಣುಕಿದ ಪ್ಯಾಕ್ ಎಲ್ಲವೂ ಸತ್ತಿದೆ ಅಂತಲ್ಲ. ಮೊದಲು ಟರ್ಮಿನಲ್ ನೋಡಿ. ಬಡಗಿಗಳ ಪ್ಯಾಕಿನಲ್ಲಿ ಹಿಟ್ಟಿನಂಥ ಮರದ ಪುಡಿ, ಗಾರೆಯವರ ಪ್ಯಾಕಿನಲ್ಲಿ ಸಿಮೆಂಟ್ ಧೂಳು ತುಂಬಿರುತ್ತದೆ. ಪ್ಲಸ್, ಮೈನಸ್ ಪಕ್ಕದ ಸಣ್ಣ ಪಿನ್‌ಗಳಿಂದಲೇ ಚಾರ್ಜರ್ ಪ್ಯಾಕಿನ ಬಿಸಿ ತಿಳಿದುಕೊಳ್ಳುವುದು. ಅಲ್ಲಿ ಧೂಳು ಕೂತರೆ ಒಳ್ಳೆಯ ಪ್ಯಾಕನ್ನೂ ಕೆಟ್ಟದ್ದು ಅನ್ನುತ್ತದೆ. ಒಣ ಹಲ್ಲುಜ್ಜುವ ಬ್ರಷ್ ಸಾಕು. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಮೇಲಿನ ಲೇಪನ ಕಿತ್ತುಹೋಗುತ್ತದೆ. ನಂತರ ಅದೇ ಕಂಪನಿಯ ಇನ್ನೊಂದು ಪ್ಯಾಕನ್ನು ಈ ಚಾರ್ಜರ್‌ಗೆ ಹಾಕಿ. ಅದೂ ಮಿಣುಕಿದರೆ ಚಾರ್ಜರ್ ಮೇಲೆ ಅನುಮಾನ ಪಡಿ. ಯಾವ ದೀಪಕ್ಕೆ ಏನರ್ಥ ಎಂದು ಚಾರ್ಜರ್ ಮೇಲೆಯೇ ಅಚ್ಚಾಗಿರುತ್ತದೆ. ಕಂಪನಿಯಿಂದ ಕಂಪನಿಗೆ ಬೇರೆ. ದಯವಿಟ್ಟು ಓದಿ.

ಒಂದು ಮುಖ್ಯ ಮಾತು. ತೆಗೆದು ಹಾಕಿ, ತೆಗೆದು ಹಾಕಿ ನೋಡಬೇಡಿ. ಕೆಲವು ಕಂಪನಿಗಳ ಬೋರ್ಡ್ ಸೋತ ಪ್ರಯತ್ನಗಳನ್ನು ಎಣಿಸುತ್ತದೆ. ಲೆಕ್ಕ ಮುಗಿದರೆ ಶಾಶ್ವತವಾಗಿ ಲಾಕ್.

ಇಷ್ಟಾದರೂ ಬಗೆಹರಿಯದಿದ್ದರೆ ತಿಳಿದವರ ಹತ್ತಿರ ಒಂದೊಂದೇ ಸೆಲ್ ಅಳೆಸಿ. ಐದೂ ಸಮನಾಗಿ 2.5ರ ಮೇಲಿದ್ದರೆ ಬೆಂಚ್ ಸಪ್ಲೈನಲ್ಲಿ (ವೋಲ್ಟ್, ಕರೆಂಟ್ ಎರಡನ್ನೂ ಬೇಕಾದಷ್ಟಕ್ಕೇ ಇಟ್ಟುಕೊಳ್ಳುವ ಪೆಟ್ಟಿಗೆ) ನಿಧಾನಕ್ಕೆ ಎತ್ತಬಹುದು, ಪಕ್ಕದಲ್ಲೇ ಕೂತು. 2ಕ್ಕಿಂತ ಕೆಳಗೆ ಇಳಿದದ್ದನ್ನು ನಾನು ಮುಟ್ಟುವುದಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್‌ಗಳು ನನ್ನನ್ನು ಪುಕ್ಕಲ ಅನ್ನುತ್ತಾರೆ. ಅನ್ನಲಿ.

ಸೆಲ್ ಬದಲಾಯಿಸಿ ಕೊಡುತ್ತೇವೆ ಅನ್ನುವವರಲ್ಲಿ ಮುಕ್ಕಾಲು ಪಾಲು ಹಳೇ ಲ್ಯಾಪ್‌ಟಾಪ್ ಸೆಲ್ ತುಂಬುವವರೇ. ಲ್ಯಾಪ್‌ಟಾಪ್ ಸೆಲ್‌ಗೆ ಗ್ರೈಂಡರ್ ಎಳೆಯುವ ತಾಕತ್ತಿಲ್ಲ, ಕಾದು ಹೋಗುತ್ತದೆ. ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದ ಸಣ್ಣ ಸೆಲ್ ತೋರಿಸಿದರೆ ಎದ್ದು ಬನ್ನಿ. ಆ ಗಾತ್ರದ 18650 ಸೆಲ್‌ನಲ್ಲಿ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) 3500 ಆಸುಪಾಸು ಬಂದರೇ ಹೆಚ್ಚು. ಸೆಲ್ ಮೇಲೆ ನೇರ ಬೆಸುಗೆ ಕಡ್ಡಿ ಇಡುವವನ ಅಂಗಡಿಯಿಂದಲೂ ಎದ್ದು ಬನ್ನಿ. ನಿಕಲ್ ಪಟ್ಟಿ ಹಾಕಿ ಸ್ಪಾಟ್ ವೆಲ್ಡಿಂಗ್ ಮಾಡಬೇಕು, ಐದೂ ಹೊಸದೇ ಇರಬೇಕು. ನಾಲ್ಕು ಹಳೆಯದು, ಒಂದು ಹೊಸದು ಎಂಬ ಜುಗ್ಗತನ ಬೇಡ.

ಮುಂದಿನ ಸಲ ಎತ್ತಿಡುವಾಗ ಅರ್ಧ ಚಾರ್ಜ್ ಇರಲಿ. ಪ್ಯಾಕನ್ನು ಡ್ರಿಲ್‌ನಿಂದ ಬಿಚ್ಚಿಡಿ.

ಪ್ರಶ್ನೆ: ಹೊಸ ಬ್ಯಾಟರಿಗೆ ಮೊದಲ ಸಲ 8 ಗಂಟೆ ಚಾರ್ಜ್ ಹಾಕಬೇಕಂತೆ, ಪ್ರತಿ ಸಲ ಪೂರ್ತಿ ಖಾಲಿ ಮಾಡಬೇಕಂತೆ?

ಉತ್ತರ: ಎರಡೂ ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಮರೆತುಬಿಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಸೈಟಿನಲ್ಲಿ ಮಧ್ಯಾಹ್ನ ಚಾರ್ಜ್ ಶುರುವೇ ಆಗುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದಾ? (ಕಲಬುರಗಿ)

ಉತ್ತರ: ಪ್ಯಾಕ್ 45 ಡಿಗ್ರಿ ಆಸುಪಾಸು ದಾಟಿದರೆ, ಅದು ತಣ್ಣಗಾಗಲಿ ಎಂದು ಚಾರ್ಜರ್ ಕಾಯುತ್ತದೆ. ಕಲಬುರಗಿಯ ತಗಡಿನ ಶೆಡ್‌ನಲ್ಲಿ ಕಾಯುತ್ತಲೇ ಇರುತ್ತದೆ. ನೆರಳಲ್ಲಿ ಫ್ಯಾನ್ ಕೆಳಗೆ ಅರ್ಧ ಗಂಟೆ ಇಡಿ. ಫ್ರಿಜ್‌ನಿಂದ ತೆಗೆದ ಮೇಲೆ ಬೋರ್ಡ್ ಮೇಲೆ ನೀರಹನಿ ಕೂರುತ್ತದೆ, ಬೇಡವೇ ಬೇಡ.

ಪ್ರಶ್ನೆ: ಆನ್‌ಲೈನ್‌ನಲ್ಲಿ 128 ವೋಲ್ಟ್ ಡ್ರಿಲ್ ಕಿಟ್ ಅಗ್ಗಕ್ಕೆ ಸಿಗುತ್ತಿದೆ. 18 ವೋಲ್ಟ್‌ಗಿಂತ ಜೋರಾ?

ಉತ್ತರ: ಆ ಪ್ಯಾಕ್ ಬಿಚ್ಚಿ ಎಣಿಸಿ. ಐದೇ ಸೆಲ್ ಸಿಗುತ್ತವೆ.

ಪ್ರಶ್ನೆ: ಮಗಳು ಅಮೆರಿಕದಿಂದ ಡ್ರಿಲ್ ತರುತ್ತಾಳೆ. ಚಾರ್ಜರ್ ಇಲ್ಲಿ ನಡೆಯುತ್ತದಾ?

ಉತ್ತರ: ಚಾರ್ಜರ್ ಹಿಂದಿನ ಚೀಟಿ ನೋಡಿ. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣವೇ ಹೊಗೆ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಅದೇ ಕಂಪನಿಯ, ಆ ಪ್ಯಾಕಿಗೆ ಹೊಂದುವ ಚಾರ್ಜರ್ ಇಲ್ಲೇ ಕೊಳ್ಳಿ. ಅಲ್ಲಿ 20 ವೋಲ್ಟ್ ಮ್ಯಾಕ್ಸ್ ಅನ್ನುವುದೂ ಒಳಗೆ 18 ವೋಲ್ಟೇ. ಬಿಡಿ ಬ್ಯಾಟರಿಯನ್ನು ಟರ್ಮಿನಲ್‌ಗೆ ಟೇಪ್ ಸುತ್ತಿ ಕೈಚೀಲದಲ್ಲೇ ತರಲು ಹೇಳಿ, ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಬಿಡುವುದಿಲ್ಲ. 18 ವೋಲ್ಟ್, 5 ಆಂಪಿಯರ್ ಅವರ್ ಪ್ಯಾಕ್ 90 ವ್ಯಾಟ್ ಅವರ್ ಆಗುತ್ತದೆ, ಕೇಳದೆ ತರಬಹುದಾದ 100ರ ಮಿತಿಯೊಳಗೇ ಇದೆ. 6ರದ್ದಾದರೆ ವಿಮಾನ ಕಂಪನಿಯನ್ನು ಮೊದಲೇ ಕೇಳಬೇಕು.