ನಾಲ್ಕು ಜನ ಸೇರಿ ಗಾಜಿನ ಭಟ್ಟಿ ಇಟ್ಟಿದ್ದೇವೆ, ಸಾಮಾನೆಲ್ಲ ಒಟ್ಟಿಗೆ ಕೊಂಡರೆ ಉಳಿತಾಯ ಆಗುತ್ತಾ?

ಹುಬ್ಬಳ್ಳಿಯಲ್ಲಿ ಭಟ್ಟಿ ಹಂಚಿಕೊಂಡಿದ್ದೀರಿ, ಬಣ್ಣದ ಗಾಜು ಒಟ್ಟಿಗೆ ತರಿಸಿ, ಉಳಿದ ಚೂರುಗಳನ್ನು ಎಲ್ಲರಿಗೂ ಸೇರಿದ ಒಂದೇ ಡಬ್ಬಿಗೆ ಹಾಕುವ ಯೋಚನೆ ನಿಮ್ಮದು. ಆ ಡಬ್ಬಿ ಬೇಡ. ಧಾರವಾಡದಲ್ಲಿ ನಾವು ಐದು ಜನ ಒಂದು ಶೆಡ್‌ನಲ್ಲಿ ಕೆಲಸ ಮಾಡುವಾಗ ನಮ್ಮಲ್ಲೂ ಇತ್ತು, ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ.

ಗದಗಿನಲ್ಲಿ ನಮ್ಮ ಅತ್ತೆಯ ಮನೆ ಗೃಹಪ್ರವೇಶಕ್ಕೆ 12 ತಟ್ಟೆ ಮಾಡಿಕೊಡುತ್ತೇನೆ ಅಂದಿದ್ದೆ. ಕೆಳಗೆ ಕಿಟಕಿ ಗಾಜು. ಮೇಲೆ ಅಂಚಿಗೆ ತೋರಣದ ಹಾಗೆ ಹಸಿರು ಚೂರು, ಕೆಲವು ಆ ಡಬ್ಬಿಯವು, ಕೆಲವು ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ತಂದ ಬಳೆಯವು. ಭಟ್ಟಿಯಿಂದ ತೆಗೆದಾಗ ಎಷ್ಟು ಚೆಂದ ಇದ್ದವು! ಮೂರನೇ ರಾತ್ರಿ ಊಟ ಮಾಡುತ್ತಿದ್ದೆವು, ಕಪಾಟಿನೊಳಗಿಂದ ಟಣ್ ಅಂತ ಸದ್ದು. ಬೆಳಗ್ಗೆ ನೋಡಿದರೆ ಏಳು ತಟ್ಟೆ ಸೀಳಿದ್ದವು. ಸೀಳು ಹಸಿರು ಚೂರನ್ನು ಬಳಸಿಕೊಂಡು ಹೋಗಿತ್ತು, ಚೂರು ಮಾತ್ರ ಇಡಿಯಾಗಿತ್ತು.

ಬೇಗ ತಣಿಸಿದ್ದೇ ತಪ್ಪು ಅಂದುಕೊಂಡೆ. ಮತ್ತೆ ಮಾಡಿದೆ. ತಣಿಸುವಾಗ ಭಟ್ಟಿಯನ್ನು 550 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಂದು ಗಂಟೆ ನಿಲ್ಲಿಸುತ್ತಿದ್ದವನು ಮೂರು ಗಂಟೆ ನಿಲ್ಲಿಸಿದೆ. ಮತ್ತೆ ಸೀಳಿದವು. ಕಾರಣ ತಣಿಸಿದ್ದರಲ್ಲಿ ಇರಲೇ ಇಲ್ಲ. ಕಾದಾಗ ಒಂದೊಂದು ಗಾಜು ಒಂದೊಂದು ಲೆಕ್ಕದಲ್ಲಿ ಹಿಗ್ಗುತ್ತದೆ, ತಣಿಯುವಾಗ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಆ ಲೆಕ್ಕಕ್ಕೆ ಸಿಒಇ ಅಂತಾರೆ. ಭಟ್ಟಿಯಲ್ಲಿ ಕರಗಿಸಿ ಕೂಡಿಸಲೆಂದೇ ಮಾಡುವ ಬುಲ್ಸ್‌ಐ ಕಂಪನಿಯ ಗಾಜಿಗೆ 90, ಅಂಥದ್ದೇ ಇನ್ನೊಂದು ಬಗೆಗೆ 96, ಕಿಟಕಿ ಗಾಜಿಗೆ ಇನ್ನೂ ಕಡಿಮೆ. ಕರಗಿದಾಗ ಎರಡೂ ಕೂಡಿಕೊಳ್ಳುತ್ತವೆ, ಗಟ್ಟಿಯಾದ ಮೇಲೆ ಒಂದು ಜಾಸ್ತಿ ಕುಗ್ಗಿ ಇನ್ನೊಂದನ್ನು ಎಳೆಯುತ್ತಲೇ ಇರುತ್ತದೆ. ನೀವು ಹತ್ತು ಗಂಟೆ ತಣಿಸಿದರೂ ಆ ಎಳೆತ ಹೋಗುವುದಿಲ್ಲ. ಡಬ್ಬಿಯಲ್ಲಿ ಯಾರ ಚೂರು ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಅಲ್ವಾ? ಹಸಿರು ಹಸಿರೇ ಕಾಣುತ್ತದೆ.

ಹಾಗಾಗಿ ಉಳಿತಾಯದ ಲೆಕ್ಕ ಆಮೇಲೆ. ಮೊದಲು ನಾಲ್ಕೂ ಜನ ಕೂತು ಶೆಡ್‌ಗೆ ಒಂದೇ ಜಾತಿಯ ಗಾಜು ಅಂತ ತೀರ್ಮಾನ ಮಾಡಿ. ನನ್ನ ಕೇಳಿದರೆ ಆರು ತಿಂಗಳು ಬಣ್ಣದ ಗಾಜೇ ಬೇಡ. ಫ್ರೇಮ್ ಅಂಗಡಿಯಲ್ಲಿ 3 ಮಿಲಿಮೀಟರ್ ಕಿಟಕಿ ಗಾಜಿನ ತುಂಡು ಕೇಳಿ, ಒಂದೇ ಹಾಳೆಯಿಂದ ಕತ್ತರಿಸಿದ್ದು ಬೇಕು ಅಂತ ಒತ್ತಿ ಹೇಳಿ. ಎರಡು ಪದರ ಇಟ್ಟರೆ 6 ಮಿಲಿಮೀಟರ್, ಕರಗಿದ ಗಾಜು ತಾನಾಗಿ ನಿಲ್ಲುವ ದಪ್ಪ ಅದೇ. ನಡುವೆ ತೆಳು ತಾಮ್ರದ ಹಾಳೆ ಇಟ್ಟು ನೋಡಿ, ಬಣ್ಣದ ಆಸೆಯೂ ತೀರುತ್ತದೆ.

ಒಟ್ಟಿಗೆ ಕೊಳ್ಳಬೇಕಾದದ್ದು ಕಿಲ್ನ್ ವಾಶ್ (ಗಾಜು ಅಂಟದ ಹಾಗೆ ಭಟ್ಟಿಯ ಹಲಗೆಗೆ ಬಳಿಯುವ ಲೇಪ), ಫೈಬರ್ ಪೇಪರ್ (ಗಾಜಿನಡಿ ಹಾಸುವ, ಬಿಸಿ ತಡೆಯುವ ಹಾಳೆ), ಒಳ್ಳೆಯ ಮಾಸ್ಕ್. ಹಳೇ ವಾಶ್ ಕೆರೆಯುವಾಗ ಏಳುವ ಪುಡಿ ಎದೆಗೆ ಹೋಗಬಾರದು, ಈ ಮಾತಲ್ಲಿ ಜಿಪುಣತನ ಬೇಡ.

ಹೊಸ ಬಣ್ಣ ತಂದರೆ ಚಿಟಿಕೆಯಷ್ಟು ಚೂರನ್ನು ನಿಮ್ಮ ಗಾಜಿನ ಪಟ್ಟಿ ಮೇಲೆ ಕರಗಿಸಿ, ಸರಿಯಾಗಿ ತಣಿಸಿ. ಪೋಲರೈಸಿಂಗ್ ಹಾಳೆ ಅಂದರೆ ಬೆಳಕನ್ನು ಸೋಸುವ ಪ್ಲಾಸ್ಟಿಕ್ ಹಾಳೆ; ಅಂಥ ಎರಡನ್ನು ಬೆಳಕು ಕಾಣದ ಹಾಗೆ ಅಡ್ಡ ತಿರುಗಿಸಿ, ನಡುವೆ ಆ ಪಟ್ಟಿ ಹಿಡಿಯಿರಿ. ಚೂರಿನ ಸುತ್ತ ಬಿಳಿ ಬೆಳಕಿನ ಉಂಗುರ ಕಂಡರೆ ಅಲ್ಲಿ ಎಳೆತ ಇದೆ, ಆ ಬಣ್ಣ ನಿಮ್ಮ ಗಾಜಿಗೆ ಆಗುವುದಿಲ್ಲ.

ಡಬ್ಬಿ ಈಗಾಗಲೇ ತುಂಬಿದೆಯಾ? ಗೋಡೆಗೆ ಮೊಸಾಯಿಕ್ ಮಾಡುವವರಿಗೆ ಕೊಟ್ಟುಬಿಡಿ. ಸಿಮೆಂಟಿನಲ್ಲಿ ಕೂರಿಸಿದರೆ ಯಾವ ಗಾಜಾದರೂ ನಡೆಯುತ್ತದೆ.