ಬಿಸಿನೆಸ್ ವಿಭಾಗವೇ ಇಲ್ಲದ ಕಾಲೇಜಿನಲ್ಲಿ ಬಿಸಿನೆಸ್ ಕಲಿಯಬಹುದೇ?

ಪ್ರಶ್ನೆ: ನಾನು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತೇನೆ. ಮಗಳು ದ್ವಿತೀಯ ಪಿಯುಸಿ ಪರೀಕ್ಷೆ ಬರೆದಿದ್ದಾಳೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿದೆ. ಖರ್ಚಿನ ಮುಕ್ಕಾಲು ಭಾಗವನ್ನು ಕಾಲೇಜೇ ಭರಿಸುತ್ತದಂತೆ. ಅವಳಿಗೆ ಬಿಸಿನೆಸ್ ಓದುವ ಆಸೆ. ಆದರೆ ಅಲ್ಲಿ ಆ ವಿಷಯವೇ ಇಲ್ಲ, ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಬೇಕು. ‘ಬಿ.ಎ. ಓದುವುದಕ್ಕೆ ಅಮೆರಿಕಕ್ಕೆ ಹೋಗಬೇಕೇ?’ ಎಂದು ನೆಂಟರು ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ಬಿಬಿಎ ಸೇರಿಸುವುದೇ ಮೇಲಲ್ಲವೇ?

ಉತ್ತರ: ಮೊದಲು ನೆಂಟರ ಮಾತು. ನಮ್ಮಲ್ಲಿ ‘ಆರ್ಟ್ಸ್’ ಎಂದರೆ ಸೈನ್ಸ್, ಕಾಮರ್ಸ್ ಸಿಗದವರು ಸೇರುವ ವಿಭಾಗ ಎಂಬ ಭಾವನೆ ಬೇರೂರಿದೆ. ಅದು ಇಲ್ಲಿಯೂ ಸರಿಯಲ್ಲ, ಅಲ್ಲಿಗಂತೂ ಅನ್ವಯಿಸುವುದೇ ಇಲ್ಲ. ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಇತಿಹಾಸ ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯ ಹೊತ್ತಿಗೆ ಆರಿಸಿಕೊಂಡರೆ ಸಾಕು. ಕಾಲೇಜುಗಳು ಚಿಕ್ಕವು, ವಿಲಿಯಮ್ಸ್, ಆಮ್‌ಹರ್ಸ್ಟ್‌ನಂಥ ಹೆಸರುವಾಸಿ ಕಾಲೇಜುಗಳಲ್ಲೂ ಒಟ್ಟು ವಿದ್ಯಾರ್ಥಿಗಳು ಸುಮಾರು 2,000. ಪ್ರಾಧ್ಯಾಪಕರೇ ಪಾಠ ಮಾಡಿ, ಪ್ರಬಂಧ ತಿದ್ದಿ, ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆಯುತ್ತಾರೆ.

ಬಿಸಿನೆಸ್ ಏಕಿಲ್ಲ? 1881ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ಬಿಸಿನೆಸ್ ಶಾಲೆ ಆರಂಭವಾದ ನಂತರ ವಾಣಿಜ್ಯ ಶಿಕ್ಷಣ ಬಹುಮಟ್ಟಿಗೆ ದೊಡ್ಡ ವಿಶ್ವವಿದ್ಯಾಲಯಗಳ ಕಡೆಗೇ ಬೆಳೆಯಿತು. ಪದವಿಯ ನಾಲ್ಕು ವರ್ಷ ಯೋಚಿಸಲು, ಬರೆಯಲು, ವಾದಿಸಲು ಕಲಿಯುವುದಕ್ಕೆ. ವೃತ್ತಿಯ ಪಾಠ ಆಮೇಲೆ ಎಂಬುದು ಹಳೆಯ ಕಾಲೇಜುಗಳ ನಿಲುವು. ಎಲ್ಲ ಕಾಲೇಜುಗಳೂ ಹೀಗಿಲ್ಲ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಮೆಕೆನ್ನಾದಲ್ಲಿ ಅರ್ಥಶಾಸ್ತ್ರ ಮತ್ತು ಲೆಕ್ಕಶಾಸ್ತ್ರವನ್ನು ಜೊತೆಯಾಗಿ ಓದಬಹುದು. ನ್ಯೂಯಾರ್ಕ್ ರಾಜ್ಯದ ಸ್ಕಿಡ್‌ಮೋರ್‌ನಲ್ಲಿ ಮ್ಯಾನೇಜ್‌ಮೆಂಟ್ ಅನ್ನೇ ಮುಖ್ಯ ವಿಷಯವಾಗಿ ಓದಬಹುದು.

ನಿಮ್ಮ ಮಂಡಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತು. ವರ್ಷದ ಆರಂಭದಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಕೆಳಗೇ ಇತ್ತು, ಬೆಂಬಲ ಬೆಲೆಗೆ ಕೊಳ್ಳುವ ಸಂಸ್ಥೆಯಾದ ನಫೆಡ್‌ನ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸಾಲು ನಿಂತಿದ್ದನ್ನು ನೀವೇ ಕಂಡಿದ್ದೀರಿ. ಮರುವರ್ಷ ದರ ಬೆಂಬಲ ಬೆಲೆಯನ್ನು ಬಹಳ ಹಿಂದೆ ಹಾಕಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕೊಬ್ಬರಿಯನ್ನು ಇಂದು ಮಾರಬೇಕೋ, ಇನ್ನೂ ಕಾಯಬೇಕೋ? ಇದನ್ನು ತೀರ್ಮಾನಿಸಲು ಜಮಾಖರ್ಚು ಬರೆಯುವ ವಿದ್ಯೆ ಸಾಲದು. ತೋಟಕ್ಕೆ ಬಿದ್ದ ರೋಗ, ಎಳನೀರಿಗೆ ಹೋಗುವ ಕಾಯಿಯ ಪ್ರಮಾಣ, ಉತ್ತರ ಭಾರತದ ಹಬ್ಬ-ಮದುವೆಗಳ ಬೇಡಿಕೆ, ಖಾದ್ಯ ತೈಲದ ಆಮದು ಸುಂಕ, ದೆಹಲಿಯ ರಾಜಕೀಯ ಇವೆಲ್ಲ ಒಂದೇ ದರದ ಹಿಂದೆ ನಿಂತಿವೆ. ನೀವು ಇದನ್ನು ವರ್ಷಾನುಗಟ್ಟಲೆ ಹರಾಜು ಕಟ್ಟೆಯಲ್ಲಿ ನಿಂತು ಕಲಿತಿರಿ. ಮಗಳು ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರ, ಪರಿಸರ ವಿಜ್ಞಾನ, ರಾಜ್ಯಶಾಸ್ತ್ರದ ತರಗತಿಗಳಲ್ಲಿ ಕುಳಿತರೆ ಇದನ್ನೇ ಬೇರೆ ದಾರಿಯಿಂದ ಕಲಿಯುತ್ತಾಳೆ. ವ್ಯವಹಾರಕ್ಕೆ ಇದಕ್ಕಿಂತ ಒಳ್ಳೆಯ ಬುನಾದಿ ನನಗೆ ತಿಳಿದಿಲ್ಲ.

ಕೊರತೆ ಇರುವುದು ಲೆಕ್ಕಶಾಸ್ತ್ರದಲ್ಲಿ. ಅದನ್ನು ತುಂಬಿಕೊಳ್ಳುವ ದಾರಿ ಇದೆಯೇ ಎಂದು ಕೇಳಿ. ನಿಮ್ಮ ಮಗಳು ಹೋಗುವ ರಾಜ್ಯದಲ್ಲೇ ಆಮ್‌ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯವೂ ಸೇರಿ ಒಪ್ಪಂದ ಮಾಡಿಕೊಂಡಿವೆ. ಒಂದು ಕಾಲೇಜಿನವರು ಬಸ್ ಹತ್ತಿ ಇನ್ನೊಂದರ ತರಗತಿಗೆ ಹೋಗಬಹುದು. ಅವಳ ಕಾಲೇಜಿನಲ್ಲಿ ಇಂಥ ಏರ್ಪಾಡು ಇಲ್ಲದಿದ್ದರೆ ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಹುಡುಕಿಕೊಡಲು ಕಾಲೇಜು ಏನು ಮಾಡುತ್ತದೆ, ಅದಕ್ಕೆ ಹಣ ಕೊಡುತ್ತದೆಯೇ ಎಂಬುದನ್ನಾದರೂ ತಿಳಿದುಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಈಗಿನ ನಿಯಮದಂತೆ ಪದವಿಯ ನಂತರ ವಿದ್ಯಾರ್ಥಿ ವೀಸಾದಲ್ಲೇ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಪದವಿಯು ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಮತ್ತೆ 24 ತಿಂಗಳು ಸಿಗಬಹುದು. ಬರೀ ‘ಅರ್ಥಶಾಸ್ತ್ರ’ ಎಂದು ನಮೂದಾದ ಪದವಿ ಆ ಪಟ್ಟಿಯಲ್ಲಿಲ್ಲ. ‘ಎಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರ’ ಎಂಬ ಸಂಕೇತದ (ಕೋಡ್) ಅಡಿ ನಮೂದಾದದ್ದು ಇದೆ. ಪಾಠ ಹೆಚ್ಚುಕಡಿಮೆ ಒಂದೇ, ಸಂಕೇತ ಮಾತ್ರ ಬೇರೆ. ಪದವಿ ಯಾವ ಸಂಕೇತದಡಿ ಬರುತ್ತದೆ ಎಂದು ಕಾಲೇಜಿಗೆ ಇಮೇಲ್ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯಿರಿ.

ಹಣದ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಟುವಾಗಿ ಕೇಳಬಹುದು. ಮೇಲಿನ ಸಾಲಿನ ಇಂಥ ಅನೇಕ ಕಾಲೇಜುಗಳ ಪೂರ್ತಿ ಖರ್ಚು ವರ್ಷಕ್ಕೆ 80,000 ಡಾಲರ್ ದಾಟಿದೆ. ಅದರ ಕಾಲು ಭಾಗವೂ ಸಣ್ಣ ಮೊತ್ತವಲ್ಲ. ನೆರವು ನಾಲ್ಕೂ ವರ್ಷಕ್ಕೆ ಇದೆಯೇ, ಶುಲ್ಕ ಏರಿದರೆ ಅದೂ ಏರುತ್ತದೆಯೇ, ವಿಮೆ ಮತ್ತು ವಿಮಾನದ ಟಿಕೆಟ್ ಅದರಲ್ಲಿ ಸೇರಿದೆಯೇ ಎಂಬುದನ್ನು ನೆರವಿನ ಪತ್ರದಲ್ಲಿ ನೋಡಿ. ಪ್ರವೇಶದ ಹೊತ್ತಿಗೆ ಕೇಳದ ನೆರವನ್ನು ವಿದೇಶಿ ವಿದ್ಯಾರ್ಥಿಗಳಿಗೆ ಆಮೇಲೆ ಕೊಡದ ಕಾಲೇಜುಗಳು ಬಹಳ ಇವೆ. ಉಳಿದ ಮೊತ್ತಕ್ಕೆ ತೋಟ ಅಡವಿಡಬೇಕಾಗಿ ಬಂದರೆ ಕಳುಹಿಸಬೇಡಿ. ಅಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ, ಸಾಲ ತೀರುತ್ತದೆ ಎಂಬ ಲೆಕ್ಕ ಕೆಲಸದ ವೀಸಾಕ್ಕೆ ನಡೆಯುವ ಲಾಟರಿಯ ಮೇಲೆ ನಿಂತ ಲೆಕ್ಕ. ಆ ಒತ್ತಡವನ್ನು ಹದಿನೆಂಟರ ಹುಡುಗಿಯ ಹೆಗಲಿಗೆ ಹಾಕಬಾರದು.

ಬಿಬಿಎ ಕೀಳಲ್ಲ. ಮಗಳಿಗೆ ಸಿಎ ಆಗುವ ಹಂಬಲವಿದ್ದರೆ ಅಮೆರಿಕ ಸುತ್ತುದಾರಿ; ಇಲ್ಲೇ ಬಿ.ಕಾಂ. ಜೊತೆಗೆ ಅದನ್ನು ಮಾಡಲಿ. ಮುಂದೆ ಎಂಬಿಎ ಮಾಡುವುದಾದರೆ ಅರ್ಥಶಾಸ್ತ್ರದ ಬಿ.ಎ. ಅಡ್ಡಿಯಲ್ಲ; ಐಐಎಂಗಳ ಕ್ಯಾಟ್ ಪರೀಕ್ಷೆಗೆ ಬಿ.ಎ., ಬಿಬಿಎ ಎಂಬ ಭೇದವಿಲ್ಲ. ನಿಮ್ಮ ಪತ್ರದಲ್ಲಿ ನೆಂಟರ ಮಾತಿದೆ, ನಿಮ್ಮ ಮಾತಿದೆ, ಮಗಳಿಗೆ ಬಿಸಿನೆಸ್ ಏಕೆ ಬೇಕು ಎಂಬುದಿಲ್ಲ. ಕಾಲೇಜಿಗೆ ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಮೇ 1 ಕೊನೆಯ ದಿನ. ಅಷ್ಟರೊಳಗೆ ಒಂದು ಸಂಜೆ ಅವಳನ್ನು ಮಂಡಿಯಲ್ಲಿ ಕೂರಿಸಿಕೊಂಡು ಅದನ್ನು ಕೇಳಿ.

ಪ್ರಶ್ನೆ: ಮೈಸೂರಿನಲ್ಲಿ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ, ನನ್ನದು ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ). ಗಣಿತವಿಲ್ಲದೆ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಬಹುದೇ?

ಉತ್ತರ: ಗಣಿತವಿಲ್ಲದೆ ಸೇರಬಹುದು, ಓದಿ ಮುಗಿಸುವುದು ಕಷ್ಟ. ಅಲ್ಲಿನ ಅರ್ಥಶಾಸ್ತ್ರಕ್ಕೆ ಸಾಮಾನ್ಯವಾಗಿ ಕಲನಶಾಸ್ತ್ರ (ಕ್ಯಾಲ್ಕುಲಸ್) ಬೇಕೇ ಬೇಕು. ಮೊದಲ ವರ್ಷದಲ್ಲಿ ಅದನ್ನು ಆರಂಭದಿಂದ ಕಲಿಸುವ ತರಗತಿಗಳಿರುತ್ತವೆ, ಆದರೆ ವೇಗ ಹೆಚ್ಚು. ಪ್ರಥಮ ಪಿಯುಸಿಯಲ್ಲೇ ಇದ್ದರೆ, ಇತಿಹಾಸದ ಬದಲು ಬೇಸಿಕ್ ಮ್ಯಾಥ್ಸ್ ತೆಗೆದುಕೊಳ್ಳಲು ಸಾಧ್ಯವೇ ಎಂದು ಪ್ರಾಂಶುಪಾಲರನ್ನು ಈ ವಾರವೇ ಕೇಳಿ. ದ್ವಿತೀಯ ವರ್ಷವಾಗಿದ್ದರೆ, ಪರೀಕ್ಷೆ ಮುಗಿದ ಮರುದಿನದಿಂದ ವಿಜ್ಞಾನ ವಿಭಾಗದ ಗಣಿತ ಪುಸ್ತಕದ ಅವಕಲನ (ಡಿಫರೆನ್ಸಿಯೇಷನ್) ಅಧ್ಯಾಯಗಳನ್ನು ದಿನಕ್ಕೆ ಎರಡು ಗಂಟೆ ಬಿಡಿಸಿ.